ಹುಣಸೂರು ರಸ್ತೆಯ ಕೊನೆಯಲ್ಲಿ ಕಡಲು

ಮಕ್ಕಳೇ, ಹುಣಸೂರು, ಪಿರಿಯಾಪಟ್ಟಣದ ಮೇಲೆ ಹಾದುಹೋಗುವ ಹೆದ್ದಾರಿಗೆ 275 ಎಂಬ ನಂಬರು. ಬೆಂಗಳೂರಿನಿಂದ ಹೊರಟು ಮೈಸೂರು ದಾಟಿ, ನಮ್ಮನ್ನು ಹಾದು, ಮಡಿಕೇರಿ ಹತ್ತಿ ಇಳಿದು, ಸುಳ್ಯ, ಪುತ್ತೂರಿನ ಮೇಲೆ ಬಂಟ್ವಾಳ ಮುಟ್ಟುತ್ತದೆ. ಅಲ್ಲಿಂದ ಮಂಗಳೂರು ಹೆಚ್ಚು ದೂರವಿಲ್ಲ. ಅಂದರೆ ನಾವು ದಿನಾ ಸಂತೆಗೆ ಹೋಗುವ ರಸ್ತೆಯನ್ನೇ ಹಿಡಿದು ಕೂತರೆ ಸಮುದ್ರ ಸಿಗುತ್ತದೆ.

ನೀರಿನ ದಾರಿಯೂ ಉಂಟು. ಹುಣಸೂರಿನ ಲಕ್ಷ್ಮಣತೀರ್ಥ ಕನ್ನಂಬಾಡಿಯ ಹಿನ್ನೀರಿಗೆ ಸೇರುತ್ತದೆ. ಎಚ್.ಡಿ. ಕೋಟೆಯ ಕಬಿನಿ ತಿರುಮಕೂಡಲಿನಲ್ಲಿ ಕಾವೇರಿಗೆ ಸೇರುತ್ತದೆ. ಕೆ.ಆರ್. ನಗರದ ಚುಂಚನಕಟ್ಟೆಯಲ್ಲಿ ಧುಮುಕುವ ಕಾವೇರಿಯಂತೂ ನೇರ ಪೂಂಪುಹಾರಿಗೇ ಹೋಗಿ ಕಡಲಿಗೆ ಬೀಳುತ್ತಾಳೆ. ಇನ್ನು ಕಂಪಲಾಪುರದಲ್ಲೋ ಕಟ್ಟೆಮಳಲವಾಡಿಯಲ್ಲೋ ಹರಾಜಾಗುವ ಹೊಗೆಸೊಪ್ಪು. ಅದರ ಒಳ್ಳೆಯದು ಕೆಟ್ಟದ್ದು ಬೇರೆ ಮಾತು. ಆದರೆ ಅದರಲ್ಲಿ ಬಹುಪಾಲು ಹಡಗೇರಿ ಪರದೇಶಕ್ಕೆ ಹೋಗುವ ಸರಕು. ನಾನು ಬ್ಯಾಂಕಿನಲ್ಲಿ ಬ್ಯಾರನ್ ಸಾಲದ ಲೆಡ್ಜರು ಬರೆಯುತ್ತಿದ್ದ ಕಾಲದಲ್ಲಿ, ಹೊರದೇಶದವರು ಕೊಳ್ಳುವುದು ಕಡಿಮೆಯಾದ ವರ್ಷ ನಮ್ಮ ಕೌಂಟರಿನಲ್ಲಿ ಕಂತು ಕಟ್ಟುವವರೂ ಕಡಿಮೆಯಾಗುತ್ತಿದ್ದರು.

ಆದರೂ ‘ಸಮುದ್ರದ ಓದು ನಮಗಲ್ಲ’ ಎಂಬ ಮಾತನ್ನು ನಮ್ಮ ಕಡೆ ಈಗಲೂ ಕೇಳುತ್ತೇನೆ. ಅದಕ್ಕೇ ಈ ವಾರ ಸುರತ್ಕಲ್ಲಿನ ಕಥೆ.

ಉಳ್ಳಾಲ ಶ್ರೀನಿವಾಸ ಮಲ್ಯ ಎಂಬ ಲೋಕಸಭಾ ಸದಸ್ಯರಿದ್ದರು. ಮಂಗಳೂರಿಗೆ ಬಂದರು ಬೇಕು, ಜೊತೆಗೆ ಎಂಜಿನಿಯರಿಂಗ್ ಕಾಲೇಜೂ ಬೇಕು ಎಂದು ಪಟ್ಟು ಹಿಡಿದವರು ಅವರು. 1960ರಲ್ಲಿ ಸುರತ್ಕಲ್ಲಿನ ಕಡಲ ದಂಡೆಯ ಮೇಲೆ ಕರ್ನಾಟಕ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜು ಹುಟ್ಟಿತು. ಹಳಬರ ಬಾಯಲ್ಲಿ ಈಗಲೂ ಅದು ಕೆಆರ್‌ಇಸಿ. 2002ರಲ್ಲಿ ಅದು ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ, ಅಂದರೆ ಎನ್‌ಐಟಿಕೆ ಆಯಿತು. ಬಂದರನ್ನು ಮಾತ್ರ ಮಲ್ಯರು ಕಣ್ಣಾರೆ ನೋಡಲಿಲ್ಲ. ಅವರು 1965ರಲ್ಲೇ ತೀರಿಕೊಂಡರು. ಪಣಂಬೂರಿನ ನವಮಂಗಳೂರು ಬಂದರು ದೇಶದ ಒಂಬತ್ತನೆಯ ಪ್ರಮುಖ ಬಂದರು ಎನಿಸಿದ್ದು 1974ರಲ್ಲಿ. ಕಾಲೇಜಿರುವ ಜಾಗಕ್ಕೆ ಇವತ್ತಿಗೂ ಶ್ರೀನಿವಾಸನಗರ ಎಂದೇ ಹೆಸರು.

ಆ ಸಂಸ್ಥೆಯಲ್ಲಿ ಜಲಸಂಪನ್ಮೂಲ ಮತ್ತು ಸಾಗರ ಎಂಜಿನಿಯರಿಂಗ್ ಎಂಬ ವಿಭಾಗವಿದೆ. ನನ್ನ ಅಣ್ಣನ ಮೊಮ್ಮಗ ಅಲ್ಲಿ ಓದುತ್ತಿದ್ದಾಗ ಒಂದು ತೊಟ್ಟಿ ತೋರಿಸಿದ. ತೊಟ್ಟಿ ಎಂದರೆ ದನಕ್ಕೆ ನೀರು ಕುಡಿಸುವ ತೊಟ್ಟಿಯಲ್ಲ, 50 ಮೀಟರ್ ಉದ್ದದ್ದು! ಅಗಲ ಒಂದು ಮೀಟರಿಗಿಂತ ಕಡಿಮೆ, ಒಂದು ಬದಿಗೆ ಗಾಜು. ಒಂದು ತುದಿಯಲ್ಲಿ ಮೋಟಾರಿನಿಂದ ಹಿಂದೆ ಮುಂದೆ ಆಡುವ ಹಲಗೆ. ಅದು ಆಡಿದರೆ ಅಲೆ ಏಳುತ್ತದೆ. ಇನ್ನೊಂದು ತುದಿಯಲ್ಲಿ ಪುಟ್ಟ ಕಲ್ಲಿನ ದಿಬ್ಬ. ಅದು ಅಲೆತಡೆಯ ಮಾದರಿ.

ಅಲೆತಡೆ ಎಂದರೇನು? ನಮ್ಮ ಕೆರೆ ಏರಿಯ ಒಳಮೈಗೆ ಕಲ್ಲು ಹಾಸಿರುತ್ತಾರಲ್ಲ, ಗಾಳಿಗೆ ಏಳುವ ಅಲೆ ಮಣ್ಣು ಕೊರೆಯದಿರಲಿ ಎಂದು? ಅದರ ಅಣ್ಣ ಎಂದುಕೊಳ್ಳಿ. ಬಂದರಿನ ಬಾಯಲ್ಲಿ ಕಲ್ಲಿನ ಏರಿಯನ್ನೇ ಸಮುದ್ರದೊಳಕ್ಕೆ ಕಟ್ಟುತ್ತಾರೆ. ಅದರ ಮರೆಯಲ್ಲಿ ಹಡಗು ಅಲುಗಾಡದೆ ನಿಲ್ಲಬೇಕು. ಕಲ್ಲು ಸಣ್ಣದಾದರೆ ಅಲೆ ಉರುಳಿಸಿಕೊಂಡು ಹೋಗುತ್ತದೆ. ಬೇಕಾದ್ದಕ್ಕಿಂತ ದೊಡ್ಡದಾದರೆ ಸರ್ಕಾರದ ದುಡ್ಡು ನೀರಿಗೆ. ಎಷ್ಟು ದೊಡ್ಡ ಕಲ್ಲು ಸಾಕು ಎಂಬುದನ್ನು ಮೊದಲೇ ತಿಳಿಯಲು ಇಂಥ ತೊಟ್ಟಿ.

ಇಲ್ಲಿನ ಲೆಕ್ಕ ಬಿ.ಕಾಂ. ಓದಿದ ನನಗೂ ಖುಷಿ ಕೊಟ್ಟಿತು. ಮಾದರಿಯನ್ನು ಮೂವತ್ತರಲ್ಲಿ ಒಂದು ಪಾಲಿಗೆ ಇಳಿಸಿದರು ಎನ್ನಿ. ಕಡಲಿನ 3 ಮೀಟರ್ ಅಲೆ ತೊಟ್ಟಿಯಲ್ಲಿ 10 ಸೆಂಟಿಮೀಟರ್. ಆದರೆ ಕಲ್ಲಿನ ತೂಕ ಮೂವತ್ತರಲ್ಲಿ ಒಂದು ಪಾಲಲ್ಲ! ಉದ್ದ, ಅಗಲ, ಎತ್ತರ ಮೂರೂ ಇಳಿಯಿತಲ್ಲ, ಆದ್ದರಿಂದ 30ನ್ನು ಮೂರು ಸಲ ಗುಣಿಸಿ. 27,000 ಬಂತೇ? 2,700 ಕಿಲೋ ಬಂಡೆಗೆ ಬದಲಾಗಿ ತೊಟ್ಟಿಯಲ್ಲಿ 100 ಗ್ರಾಂ ಕಲ್ಲು ಸಾಕು. ಸಮಯವೂ ಕುಗ್ಗುತ್ತದೆ. ಕಡಲಿನಲ್ಲಿ 10 ಸೆಕೆಂಡಿಗೊಮ್ಮೆ ಬರುವ ಅಲೆ ಇಲ್ಲಿ ಎರಡು ಸೆಕೆಂಡಿನೊಳಗೇ ಬರಬೇಕು. ದೊಡ್ಡ ಕ್ಲಾಸಿನವರು 30ರ ವರ್ಗಮೂಲ ತೆಗೆದು ನೋಡಿ, ಯಾಕೆಂದು ಗೊತ್ತಾಗುತ್ತದೆ. ಇಂಥ ಮಾದರಿಗಳಲ್ಲಿ ಕಲ್ಲುಗಳಿಗೆ ಬಣ್ಣ ಬಳಿಯುವುದೂ ಉಂಟು. ಸಾವಿರಾರು ಅಲೆ ಹೊಡೆದ ಮೇಲೆ ಯಾವ ಬಣ್ಣ ಜಾಗ ಬಿಟ್ಟಿತು ಎಂದು ಎಣಿಸುತ್ತಾರೆ. ಉಳ್ಳಾಲದ ಕಡೆ ಮಳೆಗಾಲದ ಕಡಲ್ಕೊರೆತಕ್ಕೆ ಮನೆ ಕಳೆದುಕೊಂಡವರನ್ನು ನೆನೆದರೆ, ಈ ಎಣಿಕೆ ಆಟವಲ್ಲ ಎಂದು ತಿಳಿಯುತ್ತದೆ.

ಅಲ್ಲಿ ಸೇರುವುದು ಹೇಗೆ? ಬಿ.ಟೆಕ್‌ಗೆ ಜೆಇಇ ಮೇನ್ ಪರೀಕ್ಷೆ. ಹಿರಿಯರು ಇದನ್ನು ಗುರುತು ಹಾಕಿಕೊಳ್ಳಿ: ಎನ್‌ಐಟಿಗಳಲ್ಲಿ ಅರ್ಧ ಸೀಟು ಆಯಾ ರಾಜ್ಯದವರಿಗೆ. ಹನ್ನೆರಡನೆಯ ತರಗತಿ ಎಲ್ಲಿ ಪಾಸಾದಿರಿ ಎಂಬುದರ ಮೇಲೆ ರಾಜ್ಯ ತೀರ್ಮಾನ. ಪಿರಿಯಾಪಟ್ಟಣದಲ್ಲಿ ಪಿಯುಸಿ ಮಾಡಿದ ಹುಡುಗಿಗೆ ಈ ಅರ್ಧದಲ್ಲಿ ಹಕ್ಕಿದೆ. ಬಿ.ಟೆಕ್ ಮುಗಿದ ಮೇಲೆ ಸಾಗರ ರಚನೆಗಳನ್ನು ಕುರಿತ ಎಂ.ಟೆಕ್ ಮಾಡಬಹುದು.

ಹಡಗನ್ನೇ ನಡೆಸಬೇಕು ಎನ್ನುವವರ ದಾರಿ ಬೇರೆ. ಅದು 2008ರಲ್ಲಿ ಸಂಸತ್ತಿನ ಕಾಯ್ದೆಯಿಂದ ಹುಟ್ಟಿದ ಭಾರತೀಯ ಸಾಗರ ವಿಶ್ವವಿದ್ಯಾಲಯ. ಮುಖ್ಯ ಕಚೇರಿ ಚೆನ್ನೈ. ಇದನ್ನು ಬರೆಯಲು ಕಾರಣವಿದೆ. ಕಳೆದ ವರ್ಷ ಎಚ್.ಡಿ. ಕೋಟೆ ಕಡೆಯ ರೈತರೊಬ್ಬರು ನಮ್ಮ ಮನೆಗೆ ಬಂದರು. ಹಿಂದೆ ನಮ್ಮ ಶಾಖೆಯಲ್ಲಿ ಖಾತೆ ಇಟ್ಟಿದ್ದವರು.

“ನಮ್ ಹೈದ ಹಡಗ್ನಲ್ಲಿ ಕೆಲ್ಸಕ್ಕೆ ಹೋಯ್ತೀನಿ ಅಂತವ್ನೆ ಸಾ. ಒಬ್ರು ಮೂರು ಲಕ್ಷ ಕೊಟ್ರೆ ಆರು ತಿಂಗ್ಳಲ್ಲಿ ಹತ್ತುಸ್ತೀನಿ ಅಂದವ್ರೆ. ಎರಡೆಕ್ರೆ ಅಡ ಇಡ್ಬೇಕು.”

“ರಶೀದಿ ಕೊಡ್ತಾರಾ?” ಎಂದೆ.

“ಇಲ್ಲ ಸಾ, ಕೈಮೇಲೆ ಕೊಡ್ಬೇಕಂತೆ.”

ನಲವತ್ತು ವರ್ಷ ರಶೀದಿ ಹರಿದುಕೊಟ್ಟವನಿಗೆ ಅಷ್ಟು ಸಾಕಾಯಿತು. ಕೂರಿಸಿ ಕಾಫಿ ಕೊಟ್ಟು ಹೇಳಿದೆ: ಹಡಗಿನ ಕೆಲಸಕ್ಕೆ ಜನ ತೆಗೆದುಕೊಳ್ಳುವ ಸಂಸ್ಥೆಗೆ ಹಡಗು ಸಾರಿಗೆ ಮಹಾನಿರ್ದೇಶನಾಲಯದ ಪರವಾನಗಿ ಇರಬೇಕು. ಅದು ಮುಂಬಯಿಯಲ್ಲಿದೆ. ಪರವಾನಗಿ ಇರುವವರ ಪಟ್ಟಿ, ಒಪ್ಪಿಗೆ ಪಡೆದ ತರಬೇತಿ ಶಾಲೆಗಳ ಪಟ್ಟಿ ಎರಡೂ ಅದರ ಜಾಲತಾಣದಲ್ಲಿವೆ. ಕೆಲಸ ಕೊಡಿಸಿದ್ದಕ್ಕೆ ನಾವಿಕನಿಂದ ಕಮಿಷನ್ ತೆಗೆದುಕೊಳ್ಳುವಂತೆಯೇ ಇಲ್ಲ, ಅದು ನಿಯಮ.

ಹುಡುಗ ಎಸ್ಸೆಸ್ಸೆಲ್ಸಿ ಪಾಸು. ಅವನಿಗೆ ಆರು ತಿಂಗಳ ಜಿಪಿ ರೇಟಿಂಗ್ ಎಂಬ ತರಬೇತಿ ಉಂಟು. ಆದರೆ ಎಲ್ಲಕ್ಕೂ ಮೊದಲು ಕಣ್ಣು ತೋರಿಸಿ ಎಂದೆ. ರಾತ್ರಿ ಹಡಗಿನ ಎಡಕ್ಕೆ ಕೆಂಪು ದೀಪ, ಬಲಕ್ಕೆ ಹಸಿರು ದೀಪ. ಎದುರಿನ ಹಡಗು ಯಾವ ಕಡೆ ಮುಖ ಮಾಡಿದೆ ಎಂದು ತಿಳಿಯುವುದು ಆ ಬಣ್ಣದಿಂದ. ಕೆಂಪು ಹಸಿರು ಬೇರೆ ಕಾಣದವರನ್ನು ಚುಕ್ಕಾಣಿಯ ಕಡೆ ಸೇರಿಸುವುದಿಲ್ಲ. ನಾಳೆ ಜಮೀನು ಅಡವಿಟ್ಟ ಮೇಲೆ ಇದು ಗೊತ್ತಾಗಬಾರದು.

ಹುಡುಗನ ತಂಗಿಯೂ ಬಂದಿದ್ದಳು, ಏಳನೇ ಕ್ಲಾಸು. “ತಾತ, ಹುಡುಗೀರು ಹೋಗಬಹುದಾ?” ಎಂದಳು. ರಾಧಿಕಾ ಮೆನನ್ ಹೆಸರು ಹೇಳಿದೆ. ಕೇರಳದ ಕೊಡುಂಗಲ್ಲೂರಿನವರು, ತೈಲ ಹಡಗಿನ ಕ್ಯಾಪ್ಟನ್. 2015ರ ಜೂನ್‌ನಲ್ಲಿ ಒಡಿಶಾ ಕರಾವಳಿಯಾಚೆ ದುರ್ಗಮ್ಮ ಎಂಬ ಮೀನುದೋಣಿ ಎಂಜಿನ್ ಕೆಟ್ಟು ತೇಲುತ್ತಿತ್ತು. ಬಿರುಗಾಳಿಯಲ್ಲೇ ಅದರ ಏಳು ಜನರನ್ನು ಉಳಿಸಿದರು. ಮರುವರ್ಷ ಅಂತರರಾಷ್ಟ್ರೀಯ ಕಡಲ ಸಂಸ್ಥೆಯ ಶೌರ್ಯ ಪ್ರಶಸ್ತಿ ಅವರಿಗೆ ಬಂತು. ಅದನ್ನು ಪಡೆದ ಮೊದಲ ಹೆಂಗಸು ಅವರು.

ಮೂರು ಲಕ್ಷ ಕೈಬಿಡಲಿಲ್ಲ, ಜಮೀನು ಹಾಗೇ ಇದೆ. ಹುಡುಗ ಮೈಸೂರಿನಲ್ಲಿ ಕಣ್ಣು ತೋರಿಸಿಕೊಂಡ, ಬಣ್ಣಗಳೆಲ್ಲ ಸರಿಯಾಗಿಯೇ ಕಂಡವು. ಈಗ ಒಪ್ಪಿಗೆ ಇರುವ ಶಾಲೆಯೊಂದಕ್ಕೆ ಅರ್ಜಿ ಹಾಕಿ ಕೂತಿದ್ದಾನೆ. ಮೊನ್ನೆ ಅವರಪ್ಪ ಫೋನು ಮಾಡಿ ಬಲು ಹೊತ್ತು ಅದೂ ಇದೂ ಮಾತಾಡಿ ಕೊನೆಗೆ ಕೇಳಿದರು: “ಹಡಗ್ನಲ್ಲಿ ಮುದ್ದೆ ಸಿಕ್ತದಾ ಸಾ?”