ಬಾಡಿಗೆ ಮನೆಯ ಸೆಕೆ ಯಾರ ಪಾಲಿಗೆ?

ಮನೆಯ ಮಾಲೀಕನಿಗೆ ಬಾಡಿಗೆದಾರರಿಂದ ಬರುವ ಫೋನುಗಳಲ್ಲಿ ಎರಡು ಜಾತಿ. ತಿಂಗಳ ಮೊದಲ ವಾರದಲ್ಲಿ ಬರುವುದು ಕಿವಿಗೆ ಹಿತ. ಅನಂತರ ಬರುವುದು ನಲ್ಲಿಯದೋ ಮೋಟಾರಿನದೋ ರಗಳೆ. ಹೋದ ಬೇಸಗೆಯಲ್ಲಿ ನನಗೆ ಬಂದದ್ದು ಎರಡನೆಯ ಜಾತಿಯದು. “ಸಾರ್, ಎ.ಸಿ. ಮತ್ತೆ ಕೆಟ್ಟಿದೆ. ಅಮ್ಮನಿಗೆ ಮೂರು ರಾತ್ರಿಯಿಂದ ನಿದ್ದೆ ಇಲ್ಲ” ಎಂದರು, ತಿಪಟೂರಿನ ನಮ್ಮ ಮನೆಯ ಮಹಡಿಯಲ್ಲಿ ವಾಸವಾಗಿರುವ ಉಪನ್ಯಾಸಕಿ. ತಾಯಿಗೆ ಎಪ್ಪತ್ತೆಂಟು ವರ್ಷ, ಹೃದಯದ ತೊಂದರೆ ಬೇರೆ.

ತಿಪಟೂರಿನಲ್ಲಿಯೂ ಎ.ಸಿ.ಯೇ ಎಂದು ವಾಚಕರು ಹುಬ್ಬೇರಿಸಬಹುದು. ಸಮುದ್ರಮಟ್ಟದಿಂದ ಎರಡೂವರೆ ಸಾವಿರ ಅಡಿಗೂ ಮೇಲಿರುವ ಊರು. ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕಡೆಗೆ ಯಾವ ದಾರಿ ಹಿಡಿದರೂ ತೆಂಗಿನ ನೆರಳು. ನಾನು ಹುಡುಗನಾಗಿದ್ದಾಗ ನಮ್ಮ ಮನೆಯಲ್ಲಿ ಫ್ಯಾನು ಸಹ ಇರಲಿಲ್ಲ. ಆದರೂ 2013ರಲ್ಲಿ ಮಹಡಿಯ ಮನೆ ಕಟ್ಟಿದಾಗ, ಮೊದಲ ಬಾಡಿಗೆದಾರರಾದ ಬ್ಯಾಂಕಿನ ಅಧಿಕಾರಿಯೊಬ್ಬರು ಕೇಳಿದರೆಂದು ಮಲಗುವ ಕೋಣೆಗೆ ಒಂದೂವರೆ ಟನ್ನಿನ ಯಂತ್ರವನ್ನು ಕೂರಿಸಿದೆವು. ಆ ನೆಪದಲ್ಲಿ ಬಾಡಿಗೆಯನ್ನು ಸಾವಿರ ರೂಪಾಯಿ ಏರಿಸಿದೆವು. ಯಂತ್ರ ಹಳತಾಯಿತೆಂದು ಆ ಸಾವಿರವನ್ನು ಇಳಿಸುವ ಯೋಚನೆ ಮಾತ್ರ ನಮಗೆ ಎಂದೂ ಬರಲಿಲ್ಲ.

ಈ ಟನ್ನು ಯಂತ್ರದ ತೂಕವೆಂದು ನಾನು ಬಹುಕಾಲ ತಿಳಿದಿದ್ದೆ. ಅದು ಮಂಜುಗಡ್ಡೆಯ ಲೆಕ್ಕವಂತೆ. ಒಂದು ಟನ್ ಮಂಜುಗಡ್ಡೆ ಒಂದು ದಿನದಲ್ಲಿ ಕರಗುವಾಗ ಎಷ್ಟು ಶಾಖವನ್ನು ಹೀರುವುದೋ ಅಷ್ಟನ್ನು ಕೋಣೆಯಿಂದ ಹೊರಹಾಕುವ ಯಂತ್ರ ಒಂದು ಟನ್ನಿನದು. ಇನ್ನೊಂದು ಮಾತು, ಪತ್ರಿಕೆಯ ಓದುಗರಿಗೆ ರುಚಿಸೀತು: 1902ರಲ್ಲಿ ವಿಲಿಸ್ ಕ್ಯಾರಿಯರ್ ಎಂಬ ತರುಣ ಎಂಜಿನಿಯರು ಅಮೆರಿಕದ ಬ್ರೂಕ್ಲಿನ್‌ನಲ್ಲಿ ಇಂಥ ಯಂತ್ರವನ್ನು ರೂಪಿಸಿದ್ದು ಮನುಷ್ಯರ ಸುಖಕ್ಕಲ್ಲ, ಒಂದು ಅಚ್ಚುಕೂಟದ ಕಾಗದಕ್ಕಾಗಿ. ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ, ಬಣ್ಣದ ಮುದ್ರಣ ಕದಲುತ್ತಿತ್ತಂತೆ.

ಇರಲಿ. ಚಿಕ್ಕನಾಯಕನಹಳ್ಳಿಯ ಕಡೆಯ ಮೆಕ್ಯಾನಿಕ್ ಹುಡುಗನೊಬ್ಬ ಬಂದು ಯಂತ್ರವನ್ನು ಬಿಚ್ಚಿದ. ಅದಕ್ಕೆ ಹಿಂದಿನ ಮೂರು ಬೇಸಗೆಗಳಲ್ಲಿಯೂ ಗ್ಯಾಸ್ ತುಂಬಿಸಿದ್ದೆವು. “ಗ್ಯಾಸು ಪೆಟ್ರೋಲಿನಂಗೆ ಖರ್ಚಾಗೋದಲ್ಲ ಸಾರ್. ಕಮ್ಮಿಯಾಗಿದೆ ಅಂದ್ರೆ ಎಲ್ಲೋ ತೂತಿದೆ ಅಂತ ಅರ್ಥ. ತೂತು ಮುಚ್ಚದೆ ತುಂಬ್ಸಿದ್ದೀರ” ಎಂದ. ತೂತು ಒಳಗಿನ ಕಾಯಿಲ್ಲಿನಲ್ಲಿತ್ತು. ಕಾಯಿಲ್ ಬದಲಿಸಿ ಗ್ಯಾಸ್ ತುಂಬಲು ಹದಿನಾಲ್ಕು ಸಾವಿರ. ಕಂಪ್ರೆಸರಿನ ಸದ್ದೂ ಅವನಿಗೆ ಹಿಡಿಸಲಿಲ್ಲ, ಅದಕ್ಕೆ ಅವನು ಜವಾಬು ಹೇಳನು. ಆ ಯಂತ್ರದಲ್ಲಿದ್ದ ಆರ್-22 ಗ್ಯಾಸು ಓಜೋನ್ ಪದರಕ್ಕೆ ಕೆಡುಕು ಮಾಡುವ ಜಾತಿಯದು. 1987ರ ಮಾಂಟ್ರಿಯಲ್ ಒಪ್ಪಂದಕ್ಕೆ ಸೇರಿದ ದೇಶಗಳು ಅದನ್ನು ಹಂತಹಂತವಾಗಿ ಕೈಬಿಡುತ್ತಿವೆ, ನಮ್ಮ ದೇಶವೂ ಅದರಲ್ಲಿ ಸೇರಿದೆ. ಈಗಿನ ಹೊಸ ಗ್ಯಾಸನ್ನು ಆ ಹಳೆಯ ಯಂತ್ರಕ್ಕೆ ತುಂಬುವಂತೆಯೂ ಇಲ್ಲ. ಹೊಸ ಯಂತ್ರಕ್ಕಾದರೆ ಜೋಡಣೆ, ಸ್ಟೆಬಿಲೈಸರು ಸೇರಿ ಸುಮಾರು ಮೂವತ್ತೆಂಟು ಸಾವಿರವೆಂದು ಅಂಗಡಿಯವರು ಹೇಳಿದರು. ನಮ್ಮ ಕಡೆಯವರು ಯಾವ ಖರ್ಚನ್ನೂ ಕೊಬ್ಬರಿಗೆ ಇಳಿಸಿ ನೋಡುವವರು. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಗೊತ್ತುಪಡಿಸಿದ ಬೆಂಬಲ ಬೆಲೆ ಕ್ವಿಂಟಾಲಿಗೆ 12,100 ರೂಪಾಯಿ. ಆ ಲೆಕ್ಕದಲ್ಲಿ ಯಂತ್ರಕ್ಕೆ ಮೂರು ಕ್ವಿಂಟಾಲಿಗೂ ಮಿಗಿಲು. ಮನೆಯ ಬಾಡಿಗೆಯ ಲೆಕ್ಕದಲ್ಲಿ ನಾಲ್ಕು ತಿಂಗಳು.

ಮನೆಯಲ್ಲಿ ಸಭೆ ಸೇರಿತು. ನನ್ನ ಹೆಂಡತಿಯ ತಮ್ಮ ತುಮಕೂರಿನಲ್ಲಿ ವಕೀಲ. ಅವನ ಮಾತಿಗಾಗಿ ನಾನು ಆಸೆಯಿಂದ ಕಾದಿದ್ದೆ; ಕರಾರಿನಲ್ಲಿ ಎಲ್ಲಿಯಾದರೂ ತಪ್ಪಿಸಿಕೊಳ್ಳಲು ದಾರಿಯಿದ್ದೀತೆಂದು. ಅವನು ಪತ್ರವನ್ನು ಓದಿ, “ಭಾವ, ‘ಒಂದು ಎ.ಸಿ., ಎರಡು ಫ್ಯಾನು, ಒಂದು ಗೀಸರ್’ ಅಂತ ನೀವೇ ಬರೆಸಿದ್ದೀರಿ. ರಿಪೇರಿ ನಿಮ್ಮದು ಅಂತಲೂ ಇದೆ” ಎಂದ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೆಯ ಸೆಕ್ಷನ್ನಿನಂತೆ, ಮಾಲೀಕನು ಮಾಡಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಸಕಾಲದಲ್ಲಿ ಮಾಡದಿದ್ದರೆ ಬಾಡಿಗೆದಾರನೇ ಮಾಡಿಸಿ, ವೆಚ್ಚವನ್ನು ಬಡ್ಡಿಸಹಿತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದಂತೆ. ಬಾಡಿಗೆದಾರನು ತಾನೇ ತಂದು ಜೋಡಿಸಿದ ವಸ್ತುವಾದರೆ ಬಿಟ್ಟುಹೋಗುವ ಮುನ್ನ ಅವನು ಬಿಚ್ಚಿಕೊಳ್ಳಬಹುದು, ಮನೆಯನ್ನು ಮೊದಲಿದ್ದಂತೆ ಒಪ್ಪಿಸಬೇಕು. “ಯಂತ್ರ ಯಾರದು ಅನ್ನೋದನ್ನ ಮೊದಲೇ ಬರೆದಿಟ್ಟರೆ ಅರ್ಧ ಜಗಳ ಇರೋದಿಲ್ಲ” ಎಂದು ಹೇಳಿ, ಕಾಫಿ ಕುಡಿದು ಹೊರಟುಹೋದ. ಶುಲ್ಕ ಕೇಳಲಿಲ್ಲ.

ಆದರೂ ನನ್ನ ಕೈ ಹಣದ ಚೀಲಕ್ಕೆ ಹೋಗಲೊಲ್ಲದು. ಕರಾರು ಮುಗಿಯಲು ಎರಡೇ ತಿಂಗಳಿತ್ತು. ಸುಮ್ಮನಿದ್ದರೆ ಅವರೇ ಬೇರೆ ಮನೆ ನೋಡಿಕೊಂಡಾರು, ಮುಂದಿನವರಿಗೆ ಎ.ಸಿ. ಇಲ್ಲವೆಂದು ಹೇಳಿ ಕೊಟ್ಟರಾಯಿತು ಎಂಬ ಯೋಚನೆ ಬಂದದ್ದನ್ನು ಮುಚ್ಚಿಡುವುದಿಲ್ಲ.

ಆ ಭಾನುವಾರ ತುರುವೇಕೆರೆಯಲ್ಲಿ ಮಗಳ ಮನೆಯಲ್ಲಿರುವ ದೊಡ್ಡಮ್ಮನನ್ನು ನೋಡಲು ಹೋದೆ. ತಿಪಟೂರಿನ ಹಳೆಯ ಮನೆಗೆ ಸೊಸೆಯಾಗಿ ಬಂದವರು ಅವರು. ವಿಷಯವನ್ನೆಲ್ಲ ಕೇಳಿ, “ಆ ಮನೇಲಿ ಸೆಕೆ ಎಲ್ಲಿತ್ತೋ? ಅಟ್ಟ ತೆಗ್ಸಿದೋನು ನೀನು, ಪಡುವಲ ಎರಡು ಮರ ಕಡ್ಸಿದೋನು ನೀನು. ಬೇಯೋರು ಮಾತ್ರ ಅವರಾ?” ಎಂದರು.

ನಮ್ಮ ಕಡೆಯ ಅಟ್ಟವನ್ನು ಕಾಣದವರಿಗಾಗಿ ಒಂದಿಷ್ಟು ವಿವರಿಸಬೇಕು. ಉಂಡೆ ಕೊಬ್ಬರಿಗೆಂದು ಬಲಿತ ಕಾಯಿಯನ್ನು ಸುಲಿಯದೆ, ಹೆಂಚಿನ ಕೆಳಗಣ ಅಟ್ಟದ ಮೇಲೆ ಹರಡಿ ಹತ್ತು ಹನ್ನೊಂದು ತಿಂಗಳು ಬಿಡುವರು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಗಿಟುಕಾಗಿ, ಅಲ್ಲಾಡಿಸಿದರೆ ಗಡಗಡ ಎನ್ನುವುದು. (ಬಾಡಿಗೆಯ ಕರಾರಿಗೂ ಹನ್ನೊಂದೇ ತಿಂಗಳು, ಅದು ಮಾತ್ರ ನೋಂದಣಿಯ ಖರ್ಚನ್ನು ತಪ್ಪಿಸಲು.) ಹೀಗೆ ವರ್ಷವೆಲ್ಲ ಸಾವಿರಾರು ಕಾಯಿಗಳು ನಮ್ಮ ತಲೆಯ ಮೇಲೆ ಹಾಸಿಕೊಂಡಿರುತ್ತಿದ್ದವು. ಬಿಸಿಲು ಹೆಂಚಿಗೆ, ಹೆಂಚಿನ ಕಾವು ಕಾಯಿಯ ಮಟ್ಟೆಗೆ. ನಾರಿನೊಳಗೆ ಸೆರೆಸಿಕ್ಕ ಗಾಳಿ ಅದನ್ನು ಸುಲಭವಾಗಿ ಕೆಳಕ್ಕೆ ಬಿಡದು. ಹೆಂಚಿನ ಸಂದುಗಳಲ್ಲಿ ಬಿಸಿಗಾಳಿ ಹೊರಬೀಳುತ್ತಿತ್ತು. ನಾನು ಅದನ್ನೆಲ್ಲ ಕೆಡವಿ ಆರ್.ಸಿ.ಸಿ. ಹಾಕಿಸಿದೆ. ಹಗಲೆಲ್ಲ ಕಾದ ಆ ಕಾಂಕ್ರೀಟು ರಾತ್ರಿಯೆಲ್ಲ ಕೋಣೆಗೆ ಕಾವನ್ನು ಇಳಿಸುತ್ತದೆ. ಹೊರಗೆ ತಂಪು ಬೀಸುವ ಹೊತ್ತಿಗೆ ಒಳಗೆ ಮುದುಕಿ ಬೇಯುತ್ತಿದ್ದರು. ಪಡುವಣ ಬಿಸಿಲನ್ನು ತಡೆಯುತ್ತಿದ್ದ ಎರಡು ತೆಂಗಿನಮರಗಳು ಕಾರಿನ ಪೋರ್ಟಿಕೋಗೆ ಆಹುತಿಯಾಗಿದ್ದವು. ಬಿಸಿಲಿಗೆ ಮೈಯೊಡ್ಡಿ ಕುಳಿತ ಹೊರಗಿನ ಯಂತ್ರಭಾಗ ಹನ್ನೆರಡು ವರ್ಷ ದುಡಿದದ್ದೇ ಹೆಚ್ಚು.

ತಿಪಟೂರಿಗೆ ಹಿಂದಿರುಗಿ ಮಾಡಿದ ಮೊದಲ ಕೆಲಸ ಯಂತ್ರ ಕೊಂಡದ್ದಲ್ಲ. ತಾರಸಿಯನ್ನು ಗುಡಿಸಿ ತೊಳೆಸಿ, ಎರಡು ಸಲ ದಪ್ಪಗೆ ಸುಣ್ಣ ಹೊಡೆಸಿದೆ; ಪಡುವಣ ಕಿಟಕಿಗೆ ಹೊರಗಡೆಯಿಂದ ಸೋಗೆಯ ತಟ್ಟಿ ಕಟ್ಟಿಸಿದೆ. ನಾಲ್ಕು ದಿನ ಕಳೆದ ಮೇಲೆ ಉಪನ್ಯಾಸಕಿಯನ್ನು ವಿಚಾರಿಸಿದೆ. “ವ್ಯತ್ಯಾಸ ಗೊತ್ತಾಗುತ್ತೆ ಸಾರ್. ಆದರೆ ಅಮ್ಮನಿಗೆ ಅಷ್ಟು ಸಾಲದು” ಎಂದರು. ಅಷ್ಟಕ್ಕೇ ಬಿಟ್ಟುಬಿಡುವ ಆಸೆ ಆಗಲೂ ನನ್ನಲ್ಲಿತ್ತು. ಸಾವಿರ ರೂಪಾಯಿಯ ನೆನಪು ಬಿಡಲಿಲ್ಲ.

ಹೊಸ ಯಂತ್ರವನ್ನೇ ತಂದೆವು. ನೂರಿಪ್ಪತ್ತು ಚದರಡಿಯ ಕೋಣೆಗೆ, ಸುಣ್ಣದ ತಾರಸಿಯ ಕೆಳಗೆ, ಒಂದೂವರೆ ಟನ್ ಬೇಡ, ಒಂದು ಟನ್ ಸಾಕೆಂದು ಮೆಕ್ಯಾನಿಕ್ಕೇ ಹೇಳಿದ. ಐದು ನಕ್ಷತ್ರದ ಇನ್ವರ್ಟರ್ ಯಂತ್ರ. ಬೆಲೆ ಹೆಚ್ಚಾದರೂ ಕರೆಂಟಿನ ಬಿಲ್ಲು ಕಟ್ಟುವವರು ಅವರು, ನಾವಲ್ಲ. ಮಾಲೀಕರು ಅಗ್ಗದ ಯಂತ್ರವನ್ನು ಆರಿಸುವುದು ಇದೇ ಕಾರಣಕ್ಕೆ ಎಂದು ಅಂಗಡಿಯವರು ನಕ್ಕರು. 2025ರ ಸೆಪ್ಟೆಂಬರ್ 22ರಂದು ಎ.ಸಿ.ಯ ಮೇಲಿನ ಜಿ.ಎಸ್.ಟಿ. ಶೇಕಡ 28ರಿಂದ 18ಕ್ಕೆ ಇಳಿಯಿತು. ನಾನು ಕೊಂಡದ್ದು ಅದಕ್ಕೂ ಮೊದಲು. ಕೊಳ್ಳುವವರಿಗೆ ಈಗ ಆ ಅನುಕೂಲವುಂಟು. ಹೊರಗಿನ ಭಾಗವನ್ನು ಈ ಸಲ ಬಡಗಣ ಗೋಡೆಗೆ, ನೆರಳಿನಲ್ಲಿ ಕೂರಿಸಿದರು.

ಹೊಸ ಕರಾರಿನಲ್ಲಿ ಯಂತ್ರ ನಮ್ಮದು, ರಿಪೇರಿ ನಮ್ಮದು, ವರ್ಷಕ್ಕೊಮ್ಮೆ ಶುಚಿ ಮಾಡಿಸುವುದು ಅವರದು ಎಂದು ಬರೆಸಿದ್ದಾಯಿತು. ಬಾಡಿಗೆಯನ್ನು ಏರಿಸಲಿಲ್ಲ. 2020ರಿಂದೀಚೆಗೆ ತಯಾರಾದ ಯಂತ್ರಗಳೆಲ್ಲ ಗುಂಡಿ ಒತ್ತಿದೊಡನೆ 24 ಡಿಗ್ರಿಗೆ ನಿಲ್ಲುವಂತೆ ನಿಯಮವಿದೆ. ಉಪನ್ಯಾಸಕಿಯ ತಾಯಿಗೆ ಅದೂ ಚಳಿಯಂತೆ; 27ಕ್ಕೆ ಇಡಿಸಿಕೊಂಡು, ಫ್ಯಾನು ಹಾಕಿಸಿಕೊಂಡು ಮಲಗುತ್ತಾರಂತೆ.

ಪೋರ್ಟಿಕೋ ಮಾತ್ರ ಇದ್ದಲ್ಲಿಯೇ ಇದೆ. ಆ ವಿಷಯವಾಗಿ ದೊಡ್ಡಮ್ಮ ಇನ್ನೂ ಬಾಯಿ ಮುಚ್ಚಿಲ್ಲ.