ಹಿಮಕ್ಕೆ ಇನ್ನಷ್ಟು ಹೊತ್ತು ಕೊಡಿ
ಮನಾಲಿಯ ಹಲವು ಗುಂಪು ಪ್ರವಾಸಗಳಲ್ಲಿ ಹಿಮಕ್ಕೆ ಮೀಸಲು ಒಂದೇ ದಿನ. ಆ ದಿನವೇ ಸೋಲಂಗ್, ಅಟಲ್ ಸುರಂಗ, ಸಿಸ್ಸು, ಸಂಜೆ ಹಿಡಿಂಬಾ ಗುಡಿಯನ್ನೂ ಮುಗಿಸಬೇಕು. ಇದು ಅನ್ಯಾಯ. ಮನಾಲಿ ಇರುವುದು ಸುಮಾರು 2,050 ಮೀಟರ್ ಎತ್ತರದಲ್ಲಿ, ಹಿಮ ನೋಡಲು ಹೋಗುವ ರೋಹ್ತಾಂಗ್ ಕಣಿವೆಮಾರ್ಗ 3,978 ಮೀಟರ್ ಎತ್ತರದಲ್ಲಿ. ಸುಮಾರು ಐವತ್ತು ಕಿ.ಮೀ. ದಾರಿಯಲ್ಲಿ ಇಷ್ಟು ಮೇಲೇರಿದ ದೇಹಕ್ಕೆ ತಲೆನೋವು, ಏದುಸಿರು ಬಂದರೆ ಆಶ್ಚರ್ಯವಿಲ್ಲ. ಬಾಡಿಗೆ ಗಂಬೂಟು ತೊಟ್ಟು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ವಾಪಸ್ ಹೊರಡುವ ಕೂಗು ಬೀಳುತ್ತದೆ. ಗುಂಪಿಲ್ಲದಿದ್ದರೆ ಹಿಂದಿ ಬಾರದ ಹಿರಿಯರು ಹಿಮಾಲಯ ನೋಡುವುದು ಹೇಗೆ ಎನ್ನುವವರಿದ್ದಾರೆ. ಒಪ್ಪಲೇಬೇಕಾದ ಮಾತು. ಊಟ, ರೂಮು, ಪರವಾನಗಿಯ ತಲೆಬಿಸಿಯಿಲ್ಲದೆ ನಮ್ಮ ಅಜ್ಜಿಯರೂ ಹಿಮ ಮುಟ್ಟಿದ್ದು ಇಂಥ ಪ್ರವಾಸಗಳಿಂದಲೇ. ಆದರೆ ಗುಂಪಿದ್ದ ಮಾತ್ರಕ್ಕೆ ಗಡಿಬಿಡಿ ಇರಲೇಬೇಕೆಂದಿಲ್ಲ. ಎರಡು ಜಾಗ ಕೈಬಿಟ್ಟರೆ ಸಾಕು, ಹಿರಿಯರಿಗೆ ಕೂತು ಸುಧಾರಿಸಿಕೊಳ್ಳಲು ಸಮಯ ಸಿಗುತ್ತದೆ. ಮುಂಗಡ ಕೊಡುವ ಮುನ್ನ, ಹಿಮದಲ್ಲಿ ಎಷ್ಟು ಹೊತ್ತು ಬಿಡುತ್ತೀರಿ ಎಂದು ದಯವಿಟ್ಟು ಕೇಳಿ.