ಅಳೆದುಕೊಟ್ಟ ಹಾಲು

ಹಸಿದು ಬಂದವರಿಗೆ ಹೊಟ್ಟೆತುಂಬ ಬಡಿಸಬೇಕೆಂಬುದು ನಮ್ಮ ಮನೆಗಳ ಹಳೆಯ ಧರ್ಮ. ಈ ಧರ್ಮಕ್ಕೂ ಒಂದು ಅಪವಾದವುಂಟೆಂಬುದನ್ನು ನಾವು ಕಲಿತುದು ಆಫ್ರಿಕಾ ಖಂಡದ ನೈಜರ್ ದೇಶದಲ್ಲಿ. ಆ ಸಂಗತಿಯನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ.

2018ರಲ್ಲಿ ಆ ದೇಶದ ದಕ್ಷಿಣಕ್ಕಿರುವ ಮರಾಡಿ ಪ್ರಾಂತದ ಒಂದು ಶಿಶುಚಿಕಿತ್ಸಾಲಯದಲ್ಲಿ ನಾವು ಮೂರು ತಿಂಗಳು ಸ್ವಯಂಸೇವೆ ಮಾಡಿದೆವು. ಅಲ್ಲಿಯವರ ಮುಖ್ಯ ಧಾನ್ಯ, ನಮ್ಮ ಉತ್ತರದ ಜಿಲ್ಲೆಗಳವರಿಗೂ ಪರಿಚಿತವಾದ ಸಜ್ಜೆ. ಜೂನ್ ತಿಂಗಳಿಂದ ಸೆಪ್ಟೆಂಬರಿನವರೆಗೆ ಹೊಲದಲ್ಲಿ ಪೈರು ಇನ್ನೂ ಹಸುರು. ಮನೆಯಲ್ಲಿ ಕಣಜ ಬರಿದು. ಮಕ್ಕಳು ಸೊರಗುವ ಕಾಲವದು.

ಬೆಳಗಾಗುವುದಕ್ಕೆ ಮೊದಲೇ ತಾಯಂದಿರು ಕೂಸುಗಳನ್ನು ಬೆನ್ನಿಗೆ ಕಟ್ಟಿಕೊಂಡು ಬಂದು ಸಾಲಾಗಿ ಕುಳಿತಿರುವರು. ಬಣ್ಣದ ಪಟ್ಟಿಯಿಂದ ತೋಳಿನ ಸುತ್ತಳತೆ ನೋಡುವುದು ನಮ್ಮ ಕೆಲಸ. ಆರು ತಿಂಗಳು ತುಂಬಿದ, ಐದು ವರ್ಷದೊಳಗಿನ ಮಗುವಿನ ತೋಳು 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಪಟ್ಟಿಯು ಕೆಂಪು ತೋರುವುದು. ಬಳಿಕ ಪಾದಗಳನ್ನು ಹೆಬ್ಬೆರಳಿನಿಂದ ಒತ್ತಿ, ಬಾವುಂಟೋ ಎಂದು ನೋಡಬೇಕು. ಕೊನೆಗೆ ಹಸಿವಿನ ಪರೀಕ್ಷೆ. ಶೇಂಗಾ, ಹಾಲಿನ ಪುಡಿ, ಸಕ್ಕರೆ, ಎಣ್ಣೆಗಳನ್ನು ಅರೆದು ತುಂಬಿದ 92 ಗ್ರಾಮಿನ ಪೊಟ್ಟಣವುಂಟು. ಅದಕ್ಕೆ ನೀರೂ ಬೇಡ, ಒಲೆಯೂ ಬೇಡ. ಅದನ್ನು ಚೀಪಿ ತಿಂದ ಕೂಸು, ಬೇರೆ ಕಾಯಿಲೆಯಿಲ್ಲದಿದ್ದರೆ, ವಾರಕ್ಕೆ ಸಾಕಾಗುವಷ್ಟು ಪೊಟ್ಟಣಗಳೊಡನೆ ಮನೆಗೆ ಹೋಗುವುದು. ಮುಖ ತಿರುಗಿಸಿದ ಕೂಸು ಚಿಕಿತ್ಸಾಲಯದಲ್ಲಿಯೇ ಉಳಿಯತಕ್ಕದ್ದು. ತೀರ ಸೊರಗಿದ ಮಗುವಿನಲ್ಲಿ ಹಸಿವೇ ಅಡಗಿಹೋಗಿರುವುದುಂಟು.

ಹಾಗೆ ಉಳಿದವರಲ್ಲಿ ಎರಡು ವರ್ಷದ ಒಂದು ಹೆಣ್ಣುಕೂಸು. ತೂಕ ಆರೇ ಕಿಲೋ. ಅದಕ್ಕೆ ಮೂರು ಗಂಟೆಗೊಮ್ಮೆ 100 ಮಿಲಿಲೀಟರಿನಷ್ಟು ಔಷಧದ ಹಾಲು, ಗುಟುಕು ಗುಟುಕಾಗಿ. ಎರಡನೆಯ ರಾತ್ರಿ ತಾಯಿಯು ಬರಿದಾದ ಬಟ್ಟಲನ್ನು ಮೌನವಾಗಿ ನಮ್ಮ ಮುಂದೆ ಹಿಡಿದಳು. ಮನಸ್ಸು ತಡೆಯದೆ ನಾವು ಹಾಲಿನ ಪಾತ್ರೆಯನ್ನು ಬಗ್ಗಿಸಿದೆವು. ಆ ಊರಿನವಳೇ ಆದ ದಾದಿ ನಮ್ಮ ಮಣಿಕಟ್ಟನ್ನು ಹಿಡಿದು ನಿಲ್ಲಿಸಿದಳು. ಬಹುಕಾಲ ಉಪವಾಸದಿಂದ ಬಳಲಿದ ದೇಹದಲ್ಲಿ ಹೃದಯವು ದುರ್ಬಲ, ರಕ್ತದ ಲವಣಗಳು ಏರುಪೇರು; ಒಮ್ಮೆಗೇ ಆಹಾರ ಸುರಿದರೆ ಆ ಹೃದಯ ನಿಂತೇ ಹೋಗಬಹುದು. ಇದನ್ನು ನಾವು ಓದಿ ಬಲ್ಲೆವು. ಕನಿಕರದ ಭರದಲ್ಲಿ ಮರೆತಿದ್ದೆವು. ದಾದಿಯು ತಾಯಿಯ ಪಕ್ಕದಲ್ಲಿ ಕುಳಿತು ಹೌಸಾ ಭಾಷೆಯಲ್ಲಿ ಎಲ್ಲವನ್ನೂ ತಿಳಿಯಹೇಳಿದಳು. ತಾಯಿ ಬಟ್ಟಲನ್ನು ಕೆಳಗಿಟ್ಟಳು.

ನಾಲ್ಕನೆಯ ಮುಂಜಾನೆ ಆ ಕೂಸು ಬಟ್ಟಲನ್ನು ತಾನೇ ಹಿಡಿದೆಳೆದು, ಸಾಲದೆಂದು ಗಟ್ಟಿಯಾಗಿ ಅತ್ತಿತು. ತಾಯಿ ನಕ್ಕಳು, ಪಕ್ಕದ ಮಂಚಗಳ ತಾಯಂದಿರೂ ನಕ್ಕರು. ಹಸಿವಿನ ಅಳುವನ್ನು ಕೇಳಿ ಹಿಗ್ಗಿದುದು ನಮಗೆ ಅದೇ ಮೊದಲು.

ದೂರದೇಶಕ್ಕೆ ಸೇವೆಗೆಂದು ಹೊರಡುವ ತರುಣ ತರುಣಿಯರಿಗೆ ನಾವು ಹೇಳುವುದಿಷ್ಟೆ: ಕನಿಕರವನ್ನು ಮನೆಯಿಂದ ಕೊಂಡೊಯ್ಯಿರಿ, ಅದರ ಅಳತೆಯನ್ನು ಅಲ್ಲಿಯವರಿಂದ ಕಲಿಯಿರಿ.